ಕೊರಿಯನ್ ಧಾರಾವಾಹಿ 'ಬಾಯ್ಸ್ ಓವರ್ ಫ್ಲವರ್ಸ್'ನಲ್ಲಿ ನಾಯಕಿ ಶಾಲೆ ಸೇರುವ ಕಥೆ ಮೂಲ ಜಪಾನಿ ಚಿತ್ರಕಥೆಯಲ್ಲಿ ಇದ್ದಂತೆ ಇಲ್ಲ, ಏಕೆ?

ಬಡ ಹುಡುಗಿಯನ್ನು ಸಿರಿವಂತರ ಶಾಲೆಗೆ ಸೇರಿಸುವ ನಿರ್ಧಾರವನ್ನು ಕೊರಿಯನ್ ರೂಪಾಂತರವು ಅವಳ ಹೆತ್ತವರ ಕೈಯಿಂದ ತೆಗೆದು ಒಂದು ಉದ್ಯಮ ಸಮೂಹಕ್ಕೆ ವಹಿಸಿದ್ದೇ ಇದಕ್ಕೆ ಕಾರಣ.

ಯೋಕೊ ಕಾಮಿಯೊ ಅವರ 'ಹಾನಾ ಯೋರಿ ದಾಂಗೊ' ಎಂಬ ಮಾಂಗಾ, ಅಂದರೆ ಜಪಾನಿನ ಚಿತ್ರಕಥಾ ಮಾಲಿಕೆ, 1992ರಲ್ಲಿ ಆರಂಭವಾಯಿತು. ಅದರಲ್ಲಿ ಸಾಮಾನ್ಯ ಸಂಬಳದ ನೌಕರನ ಮಗಳಾದ ತ್ಸುಕುಶಿಯನ್ನು ದುಬಾರಿ ಶಾಲೆಗೆ ಕಳುಹಿಸುವುದು ಮೇಲಿನ ವರ್ಗದೊಡನೆ ಬೆರೆಯಬೇಕೆಂಬ ಹೆತ್ತವರ ಹಂಬಲ. 2009ರಲ್ಲಿ ಕೆಬಿಎಸ್ ವಾಹಿನಿಯಲ್ಲಿ 25 ಕಂತುಗಳಾಗಿ ಪ್ರಸಾರವಾದ ಧಾರಾವಾಹಿಯಲ್ಲಾದರೋ ಡ್ರೈ ಕ್ಲೀನಿಂಗ್ ಅಂಗಡಿಯವರ ಮಗಳಾದ ಜಾನ್‌ದಿ, ಬಟ್ಟೆ ತಲುಪಿಸಲು ಶಿನ್ಹ್ವಾ ಶಾಲೆಗೆ ಹೋದಾಗ, ಸಹಪಾಠಿಗಳ ಕಿರುಕುಳ ತಾಳಲಾರದೆ ಮಾಳಿಗೆಯಿಂದ ಹಾರಲು ಹೊರಟ ವಿದ್ಯಾರ್ಥಿಯನ್ನು ಉಳಿಸುತ್ತಾಳೆ. ಸುದ್ದಿ ಹಬ್ಬಿ ಜನರ ಸಿಟ್ಟು ಶಾಲೆಯ ಒಡೆತನದ ಶಿನ್ಹ್ವಾ ಸಮೂಹದತ್ತ ತಿರುಗಿದಾಗ, ಅದರ ಅಧ್ಯಕ್ಷೆಯೂ ನಾಯಕನ ತಾಯಿಯೂ ಆದ ಮಹಿಳೆ, ಜನರನ್ನು ಸಮಾಧಾನಪಡಿಸಲೆಂದೇ ಜಾನ್‌ದಿಗೆ ವಿದ್ಯಾರ್ಥಿವೇತನ ಕೊಡಿಸುತ್ತಾಳೆ.

ಕೊರಿಯಾದಲ್ಲಿ ಒಂದೇ ಕುಟುಂಬದ ಹಿಡಿತದಲ್ಲಿರುವ ಬೃಹತ್ ಉದ್ಯಮ ಸಮೂಹಗಳಿಗೆ ಚೇಬೊಲ್ ಎನ್ನುತ್ತಾರೆ. ಅವುಗಳ ಪ್ರಭಾವವನ್ನು ದಿನನಿತ್ಯ ಕಾಣುವ ಪ್ರೇಕ್ಷಕರಿಗೆ ಈ ದಾನದ ಹಿಂದಿನ ಲೆಕ್ಕಾಚಾರವನ್ನು ವಿವರಿಸಬೇಕಾಗಿರಲಿಲ್ಲ. ಮುಂದೆ ಪ್ರೇಮಕ್ಕೆ ಅಡ್ಡ ನಿಲ್ಲುವ ತಾಯಿಯೇ ಮೊದಲ ಕಂತಿನಲ್ಲಿ ಆ ಪ್ರೇಮಕ್ಕೆ ಬಾಗಿಲು ತೆರೆದವಳೂ ಆಗುತ್ತಾಳೆ. ಇಡೀ ರೂಪಾಂತರದಲ್ಲಿ ನನಗೆ ಅತ್ಯಂತ ಜಾಣ್ಮೆಯದೆನಿಸುವ ಬದಲಾವಣೆ ಇದು. ಕಿರುಕುಳ, ನಾಲ್ವರು ಶ್ರೀಮಂತ ಹುಡುಗರ ಗುಂಪು, ಅವರಲ್ಲಿ ಮುಖ್ಯನಾದವನ ಒರಟು ಪ್ರೀತಿ, ಇವೆಲ್ಲ ಬಹುಮಟ್ಟಿಗೆ ಮೂಲದಲ್ಲಿದ್ದಂತೆಯೇ ಉಳಿದಿವೆ.