ತಮ್ಮನನ್ನು ತುಳುವಿನಲ್ಲಿ ಕರೆದು ನೋಡಿದಿರಾ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಹದಿನಾರು ದಿನಗಳ ಹಿಂದೆ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ಮುಕ್ಕದ ಬಳಿ ಹೆದ್ದಾರಿಯಲ್ಲಿ ಬಿದ್ದು ತಲೆಗೆ ಬಲವಾದ ಪೆಟ್ಟಾಯಿತು. ಈಗಲೂ ಐಸಿಯುನಲ್ಲಿದ್ದಾನೆ. ನಾಲ್ಕು ದಿನಗಳಿಂದ ಕಣ್ಣು ತೆರೆಯುತ್ತಾನೆ, ಯಾರನ್ನೂ ನೋಡುವುದಿಲ್ಲ. ಎಂಆರ್‌ಐ ನೋಡಿದ ವೈದ್ಯರು ‘ಒಳಗೆ ಅಲ್ಲಲ್ಲಿ ಗಾಯಗಳಿವೆ, ಹೆಚ್ಚು ನಿರೀಕ್ಷೆ ಬೇಡ’ ಎಂದರು. ಮನೆಗೆ ಕರೆದೊಯ್ಯೋಣ ಎಂಬುದು ಮಾವನ ಮಾತು. ಅಮ್ಮ ಕಟೀಲಿಗೆ ಹರಕೆ ಹೊತ್ತಿದ್ದಾರೆ. ಅಪ್ಪ ಇಲ್ಲ, ಸಹಿ ಹಾಕಬೇಕಾದವಳು ನಾನು. ಸ್ಕ್ಯಾನೇ ಹೇಳಿದ ಮೇಲೂ ಕಾಯುವುದು ಮೂರ್ಖತನವೇ?
– ಅಕ್ಕ, ಸುರತ್ಕಲ್

ಉತ್ತರ: ಅಲ್ಲ ತಂಗಿ, ಖಂಡಿತ ಅಲ್ಲ. ಇಂಥ ಪೆಟ್ಟಿನಲ್ಲಿ ಹದಿನಾರು ದಿನ ಏನೇನೂ ಅಲ್ಲ.

ಮೊದಲ ರಾತ್ರಿಯ ಸಿ.ಟಿ. ಸ್ಕ್ಯಾನ್ ತೆಗೆಯುವುದು ರಕ್ತ ಹೆಪ್ಪುಗಟ್ಟಿದೆಯೇ, ಮೆದುಳು ಊದಿ ಒಂದು ಕಡೆಗೆ ಸರಿದಿದೆಯೇ, ಶಸ್ತ್ರಚಿಕಿತ್ಸೆ ಬೇಕೇ ಎಂದು ತಿಳಿಯಲು. ಎಂಆರ್‌ಐ ಇನ್ನಷ್ಟು ಸೂಕ್ಷ್ಮ. ಕತ್ತದ ಹಗ್ಗವನ್ನು ಜಗ್ಗಿದಾಗ ಒಳಗಿನ ನಾರು ಅಲ್ಲಲ್ಲಿ ಕಡಿಯುವಂತೆ, ತಲೆ ರಭಸದಿಂದ ತಿರುಗಿದಾಗ ಮೆದುಳಿನ ಎಳೆಗಳು ಹರಿಯುತ್ತವೆ. ಆ ಜಾಗಗಳು ಅದರಲ್ಲಿ ಕಾಣುತ್ತವೆ. ಉಳಿದ ಎಳೆಗಳು ಎಷ್ಟು ಭಾರ ಹೊರಬಲ್ಲವು ಎಂಬುದು ಮಾತ್ರ ಕಾಣುವುದಿಲ್ಲ.

ಹಾಗೆಂದು ಸ್ಕ್ಯಾನನ್ನು ತಳ್ಳಿಹಾಕಬೇಡಿ. ವೈದ್ಯರ ಬಳಿ ಕುಳಿತು ಒಂದು ಪ್ರಶ್ನೆ ಕೇಳಿ: ಗಾಯ ಮೆದುಳುಕಾಂಡದಲ್ಲಿ, ಅಂದರೆ ಮೆದುಳಿನ ಬುಡದ ಭಾಗದಲ್ಲಿ, ಇದೆಯೇ, ಇದ್ದರೆ ಒಂದು ಬದಿಗೋ ಎರಡೂ ಬದಿಗೋ? ಎರಡೂ ಬದಿಗಿದ್ದರೆ ಅದು ಗಂಭೀರ ಸೂಚನೆ. ನಿಮ್ಮಿಂದ ಅದನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ. ಇಲ್ಲದಿದ್ದರೆ ಚಿತ್ರ ಬೇರೆ. ವಯಸ್ಸು, ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುವುದು, ನೋವಾದಾಗ ಕೈ ಹೇಗೆ ಚಲಿಸುತ್ತದೆ ಎಂಬುದು, ಇವನ್ನೆಲ್ಲ ಸ್ಕ್ಯಾನಿನೊಂದಿಗೆ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕವೂ ಇಂಥ ನೂರು ಮಂದಿಯ ಬಗ್ಗೆ ಹೇಳುತ್ತದೆಯೇ ಹೊರತು ನಿಮ್ಮ ತಮ್ಮನೊಬ್ಬನ ಬಗ್ಗೆ ಅಲ್ಲ.

2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪೆಟ್ಟಾಗಿ ಎರಡು ವಾರದ ಹೊತ್ತಿಗೆ ಕಣ್ಣು ತೆರೆದಿದ್ದರೂ ಅರಿವಿಲ್ಲದ ಸ್ಥಿತಿಯಲ್ಲಿದ್ದವರ ಪೈಕಿ ಶೇ. 78ರಷ್ಟು ಮಂದಿಗೆ ವರ್ಷದೊಳಗೆ ಅರಿವು ಮರಳಿತ್ತು. ತಾನು ಯಾರು, ಎಲ್ಲಿದ್ದೇನೆ ಎಂದು ಹೇಳುವಷ್ಟು ಚೇತರಿಸಿಕೊಂಡವರು ಸುಮಾರು ಶೇ. 25. ಈ ಎರಡು ಅಂಕಿಗಳನ್ನೂ ಅಮ್ಮನಿಗೆ ಹೇಳಿ, ಮಾವನಿಗೂ ಹೇಳಿ. ಒಂದನ್ನೇ ಹೇಳಿದರೆ ಒಬ್ಬರಿಗೆ ಮೋಸವಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಕೆನಡಾದ ಆರು ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಲೆಪೆಟ್ಟಿನಿಂದ ಸತ್ತವರಲ್ಲಿ ಶೇ. 70ರಷ್ಟು ಮಂದಿ ಸತ್ತದ್ದು ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆದ ಬಳಿಕ. ಅದರಲ್ಲೂ ಅರ್ಧದಷ್ಟು ಮೊದಲ ಮೂರು ದಿನಗಳಲ್ಲೇ. ‘ಉಳಿಯುವುದಿಲ್ಲ’ ಎಂದರು, ನಿಲ್ಲಿಸಿದರು, ಉಳಿಯಲಿಲ್ಲ. ಕಾದಿದ್ದರೆ ಏನಾಗುತ್ತಿತ್ತು ಎಂದು ಈಗ ಯಾರೂ ಹೇಳಲಾರರು.

ಇನ್ನು ನೀವೇ ಮಾಡಬಹುದಾದ ಕೆಲಸ. ‘ಕೈ ಎತ್ತು’, ‘ಕಣ್ಣು ಮುಚ್ಚು’ ಎಂದು ತಮ್ಮನಿಗೆ ಯಾವ ಭಾಷೆಯಲ್ಲಿ ಹೇಳುತ್ತಿದ್ದಾರೆ? ನಮ್ಮ ಐಸಿಯುಗಳಲ್ಲಿ ಮಲಯಾಳಂ, ಹಿಂದಿ, ಇಂಗ್ಲಿಷ್ ಎಲ್ಲವೂ ಕೇಳಿಸುತ್ತವೆ. ಮನೆಯಲ್ಲಿ ತುಳು ಕೇಳಿ ಬೆಳೆದ ಹುಡುಗನಿಗೆ ತುಳುವಿನಲ್ಲೇ ಹೇಳಬೇಕು, ಅದೂ ಅಮ್ಮನ ದನಿಯಲ್ಲಿ, ಅವನನ್ನು ಕರೆಯುವ ಮುದ್ದಿನ ಹೆಸರಿನಲ್ಲಿ. ಸದ್ದು ಕಡಿಮೆ ಇರುವಾಗ, ನಿದ್ದೆ ಬರಿಸುವ ಔಷಧದ ಪ್ರಭಾವ ಇಳಿದಿರುವಾಗ, ಒಂದೇ ಮಾತು ಹೇಳಿ ಹತ್ತು ಸೆಕೆಂಡು ಕಾಯಬೇಕು. ದಿನಕ್ಕೊಮ್ಮೆ ನೋಡಿ ಬಿಡುವಂಥದ್ದಲ್ಲ ಇದು. ಅರಿವಿಲ್ಲವೆಂದು ನಿರ್ಧರಿಸಿದ್ದ ರೋಗಿಗಳನ್ನು ಕ್ರಮಬದ್ಧವಾದ ಅಳತೆಗೋಲಿನಿಂದ ಮತ್ತೆ ಪರೀಕ್ಷಿಸಿದಾಗ ಶೇ. 41ರಷ್ಟು ಮಂದಿಯಲ್ಲಿ ಸ್ವಲ್ಪವಾದರೂ ಅರಿವಿದ್ದದ್ದು 2009ರ ಅಧ್ಯಯನವೊಂದರಲ್ಲಿ ಕಂಡುಬಂದಿತ್ತು. ‘ಆ ಪರೀಕ್ಷೆ ಮಾಡುತ್ತೀರಾ?’ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಮಾವನ ಮೇಲೆ ಕೋಪ ಬೇಡ. ಅವರು ಬಿಲ್ಲು ನೋಡುತ್ತಿದ್ದಾರೆ, ನೋಡಲೇಬೇಕಲ್ಲ. ಖರ್ಚು ಕೈಮೀರಿದರೆ ವೆನ್ಲಾಕ್‌ನಂಥ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸುವ ಬಗ್ಗೆ ವಿಚಾರಿಸಿ. ಐಸಿಯುನಿಂದ ನೇರವಾಗಿ ಮನೆಗೆ ಎಂಬುದೊಂದೇ ದಾರಿಯಲ್ಲ. ಪ್ರತಿ ಬಿಲ್ಲು, ಪ್ರತಿ ಚೀಟಿ ತೆಗೆದಿಡಿ, ಅಪಘಾತ ಪರಿಹಾರದ ಅರ್ಜಿಗೆ ಬೇಕಾಗುತ್ತದೆ.

ಸಹಿಯ ಭಾರ ನಿಮ್ಮೊಬ್ಬರದೇ ಎಂದುಕೊಳ್ಳಬೇಡಿ. ಮುಂದೊಂದು ದಿನ ಚಿಕಿತ್ಸೆ ನಿಲ್ಲಿಸುವ ಮಾತು ಬಂದರೂ, ಸುಪ್ರೀಂ ಕೋರ್ಟಿನ 2018ರ ತೀರ್ಪು ಮತ್ತು 2023ರ ಮಾರ್ಪಾಡಿನಂತೆ ಎರಡು ಹಂತದ ವೈದ್ಯಕೀಯ ಮಂಡಳಿಗಳು ಪರಿಶೀಲಿಸಿ ಒಪ್ಪಬೇಕು. ಸದ್ಯಕ್ಕೆ ಮಾವನನ್ನೂ ಅಮ್ಮನನ್ನೂ ವೈದ್ಯರ ಎದುರು ಒಟ್ಟಿಗೆ ಕೂರಿಸಿ, ಇನ್ನೆಷ್ಟು ವಾರ ನೋಡಿ ಮತ್ತೆ ಮಾತಾಡೋಣ ಎಂದು ತಾರೀಕು ಗೊತ್ತುಮಾಡಿಕೊಳ್ಳಿ.

ನಾಳೆ ಹೋಗುವಾಗ, ವೈದ್ಯರ ಒಪ್ಪಿಗೆ ಪಡೆದು, ಅಂಗೈಯಗಲದ ಕನ್ನಡಿಯೊಂದನ್ನು ಒಯ್ಯಿರಿ. ಕಣ್ಣು ತೆರೆದಿರುವಾಗ ಅವನ ಮುಖವೇ ಅವನಿಗೆ ಕಾಣುವಂತೆ ಹಿಡಿದು, ನಿಧಾನವಾಗಿ ಎಡಕ್ಕೆ, ಮತ್ತೆ ಬಲಕ್ಕೆ ಸರಿಸಿ. ಬೇರೆ ಯಾವುದನ್ನೂ ಹಿಂಬಾಲಿಸದ ಕಣ್ಣು ಎಷ್ಟೋ ಸಲ ಮೊದಲು ಹಿಂಬಾಲಿಸುವುದು ತನ್ನದೇ ಮುಖವನ್ನು. ಕಂಡದ್ದನ್ನು ತಾರೀಕು, ಗಂಟೆ ಸಹಿತ ಬರೆದಿಡಿ. ಕಾಣದಿದ್ದರೂ ಬರೆದಿಡಿ, ಮರುದಿನ ಮತ್ತೆ ಹಿಡಿಯಿರಿ.