ಗುಡುಗು ಮಳೆಗೆ ಒಬ್ಬರ ಬಾಳೆತೋಟ ಮಲಗುತ್ತದೆ, ಪಕ್ಕದವರದು ನಿಂತೇ ಇರುತ್ತದೆ, ಯಾಕೆ?

ಆ ಗಾಳಿ ದೂರದಿಂದ ಬೀಸಿಕೊಂಡು ಬಂದದ್ದಲ್ಲ, ಮೋಡದಿಂದಲೇ ಕೆಳಕ್ಕೆ ಬಿದ್ದದ್ದು. ಬಿದ್ದ ಜಾಗದ ಸುತ್ತ ಅದರ ಹೊಡೆತ ಜಾಸ್ತಿ.

ಏಪ್ರಿಲ್, ಮೇ ತಿಂಗಳಲ್ಲಿ ಮೋಡದ ಕೆಳಗಿನ ಗಾಳಿ ಒಣಗಿರುತ್ತದೆ. ಮಳೆಹನಿಗಳು ಬೀಳುವ ದಾರಿಯಲ್ಲೇ ಆವಿಯಾಗುತ್ತಾ ಆ ಗಾಳಿಯ ಬಿಸಿ ಹೀರಿಕೊಳ್ಳುತ್ತವೆ. ಮಡಕೆ ನೀರು ತಣ್ಣಗಾಗುವುದೂ ಹೀಗೇ ಅಲ್ವಾ? ತಣ್ಣಗಿನ ಗಾಳಿಗೆ ತೂಕ ಜಾಸ್ತಿ, ಹಾಗಾಗಿ ಅದು ರಭಸದಿಂದ ಇಳಿದು, ನೆಲಕ್ಕೆ ಬಡಿದು, ಅಂಗಳದಲ್ಲಿ ಒಂದು ಕೊಡ ನೀರು ಸುರಿದರೆ ಹರಡುತ್ತದಲ್ಲ, ಹಾಗೆ ಸುತ್ತಲೂ ನುಗ್ಗುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು ಮೈಗೆ ತಣ್ಣಗೆ ಬಡಿಯುವ ಗಾಳಿ ಇದೇ. ಕೆಲವೊಮ್ಮೆ ಇದರ ಹರವು 4 ಕಿ.ಮೀ.ಗಿಂತ ಕಡಿಮೆ, ಮುಗಿಯುವುದೂ ಕೆಲವೇ ನಿಮಿಷದಲ್ಲಿ. 1974ರಲ್ಲಿ ಅಮೆರಿಕದಲ್ಲಿ ಟೆಡ್ ಫುಜಿತಾ ಎಂಬ ವಿಜ್ಞಾನಿ ವಿಮಾನದಿಂದ ನೋಡಿದಾಗ, ಬಿದ್ದ ಮರಗಳು ಕೆಲವು ಕಡೆ ಗಾಡಿಚಕ್ರದ ಅರೆಗಳ ಹಾಗೆ ನಡುವಿನಿಂದ ಹೊರಕ್ಕೆ ಚಾಚಿದ್ದವು. ಸುಂಟರಗಾಳಿ ಹೀಗೆ ಕೆಡವುವುದಿಲ್ಲ, ಮೇಲಿಂದ ಬಿದ್ದ ಗಾಳಿ ಮಾತ್ರ ಕೆಡವುತ್ತದೆ.

ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬಾಳೆಗೆ ಪಾಪ ಗಟ್ಟಿ ಮರವೇ ಇಲ್ಲ. ದಿಂಡಿನ ಸುತ್ತ ಇರುವುದೆಲ್ಲ ಒಂದರ ಮೇಲೊಂದು ಸುತ್ತಿಕೊಂಡ ಎಲೆಬುಡ, ಕಡಿದು ನೋಡಿದರೆ ನೀರು ಜಿನುಗುವ ಸಣ್ಣ ಸಣ್ಣ ಗೂಡು. ಮೇಲೆ ತುಂಬಿದ ಗೊನೆಯ ಭಾರ ಬೇರೆ. ಅದಕ್ಕೇ ಇನ್ನೇನು ಕೊಯ್ಯಬೇಕು ಎನ್ನುವ ಗಿಡವೇ ಮೊದಲು ಮುರಿಯುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗೊನೆ ಬಿಟ್ಟ ಕೂಡಲೇ, ಗಿಡ ವಾಲಿದ ಕಡೆಯಿಂದ ಊರುಗೋಲು ಕೊಡಿ.