ಬೇರೆ ಬೇರೆ ದೇಶಗಳ ಜನಾಭಿಪ್ರಾಯ ಸಮೀಕ್ಷೆಗಳನ್ನು ಹೋಲಿಸಿದರೆ ಏನು ತಿಳಿಯುತ್ತದೆ?

1981ರಲ್ಲಿ ಆರಂಭವಾದ ವಿಶ್ವ ಮೌಲ್ಯಗಳ ಸಮೀಕ್ಷೆಯು ‘ಹೆಚ್ಚಿನ ಜನರನ್ನು ನಂಬಬಹುದೇ, ಎಚ್ಚರದಿಂದಿರಬೇಕೇ’ ಎಂಬ ಪ್ರಶ್ನೆಯನ್ನು ಹಲವು ದೇಶಗಳಲ್ಲಿ ಕೇಳುತ್ತ ಬಂದಿದೆ. ಇತ್ತೀಚಿನ ಸುತ್ತುಗಳಲ್ಲಿ ನಾರ್ವೆ, ಸ್ವೀಡನ್‌ಗಳಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ನಂಬಬಹುದು ಎಂದಿದ್ದರೆ, ಬ್ರೆಜಿಲ್, ಕೊಲಂಬಿಯಾಗಳಲ್ಲಿ ಹಾಗೆಂದವರು ಶೇ 10ಕ್ಕಿಂತ ಕಡಿಮೆ. ಅಸಮಾನತೆ, ಭ್ರಷ್ಟಾಚಾರ ಹೆಚ್ಚಿರುವಲ್ಲಿ ನಂಬಿಕೆ ಕುಗ್ಗುತ್ತದೆ ಎಂಬ ವಿವರಣೆ ಇಲ್ಲಿ ಹೊಂದುತ್ತದೆ.

ತೊಡಕಿರುವುದು ಚೀನಾದಲ್ಲಿ. ಅಲ್ಲಿಯೂ ಪ್ರಮಾಣ ಶೇ 60ನ್ನು ದಾಟುತ್ತದೆ. ಆದರೆ ಮೊದಲ ಬಾರಿ ಭೇಟಿಯಾದವರನ್ನು ನಂಬುವಿರಾ ಎಂದು ಬಿಡಿಸಿ ಕೇಳಿದಾಗ ಬಹುಪಾಲು ಜನ ಇಲ್ಲವೆನ್ನುತ್ತಾರೆ, ಅಂದರೆ ಮೊದಲ ಪ್ರಶ್ನೆಗೆ ಉತ್ತರಿಸುವಾಗ ಅವರ ಮನಸ್ಸಿನಲ್ಲಿದ್ದವರು ಬಹುಶಃ ನೆಂಟರು, ಪರಿಚಿತರು. ಆದ್ದರಿಂದ ಪತ್ರಿಕೆಗಳಿಗೆ ಪ್ರಿಯವಾದ ಶ್ರೇಯಾಂಕ ಪಟ್ಟಿಗಿಂತ, ಒಂದೇ ದೇಶದಲ್ಲಿ ಕಾಲಕ್ರಮದಲ್ಲಾದ ಬದಲಾವಣೆಯೇ ನನ್ನ ದೃಷ್ಟಿಯಲ್ಲಿ ಹೆಚ್ಚು ವಿಶ್ವಾಸಾರ್ಹ: ಇದೇ ಪ್ರಶ್ನೆಯನ್ನು ಕೇಳುವ ಅಮೆರಿಕದ ‘ಜನರಲ್ ಸೋಷಿಯಲ್ ಸರ್ವೆ’ ಎಂಬ ಬೇರೊಂದು ಸಮೀಕ್ಷೆಯ ಪ್ರಕಾರ, ಅಲ್ಲಿ 1970ರ ದಶಕದ ಆರಂಭದಲ್ಲಿ ಸುಮಾರು ಅರ್ಧದಷ್ಟಿದ್ದ ಈ ನಂಬಿಕೆ 2018ರ ವೇಳೆಗೆ ಮೂರನೇ ಒಂದು ಭಾಗದಷ್ಟಕ್ಕೆ ಇಳಿದಿತ್ತು.